ಮೂರು ಮೀಟರು

ಜನವರಿ. ಹತ್ತಾದರೂ ಸೂರ್ಯನ ಸುಳಿವಿಲ್ಲ.
ಇವಾಲೊ ಊರಾಚೆ, ಹೆಪ್ಪುಗಟ್ಟಿದ ಕೆರೆಯ ಮೇಲೆ
ಆರ್ವೊ ಜ್ಯಾಕ್ ಕೊಡುತ್ತಾನೆ, ನಾನು ನಟ್ಟು ಬಿಗಿಯುತ್ತೇನೆ.
ಏಳನೇ ಸೆಟ್ಟು. ಹೆಸರು ಉಜ್ಜಿ ಅಳಿಸಿದ್ದಾರೆ,
ಬಿಳಿ ಬಣ್ಣದಲ್ಲಿ ಒಂದು ಅಂಕಿ ಮಾತ್ರ.
ಯಾವ ಕಂಪನಿಯದೆಂದು ನನಗೆ ಗೊತ್ತಾಗಬಾರದು,
ಗೊತ್ತಾದರೆ ಕಾಲು ಪಕ್ಷ ವಹಿಸುತ್ತದೆ.

ಇವು ಮಧ್ಯದ ದರದವು.
ಜಾಹೀರಾತಿನಲ್ಲಿ ಹಿಮಕರಡಿಯ ಪಕ್ಕ ನಿಲ್ಲುವವಲ್ಲ,
ಮೂಲೆಯಲ್ಲಿ ರಾಶಿ ಹಾಕಿ ಬಂದಷ್ಟಕ್ಕೆ ಮಾರುವವೂ ಅಲ್ಲ.
ನಾಲ್ಕಕ್ಕೆ ನಾನೂರು ಯೂರೊ, ಕೂರಿಸುವ ಕೂಲಿ ಬೇರೆ.
ಹಾಸಿಗೆ ಇದ್ದಷ್ಟು ಕಾಲು ಚಾಚುವ ಜನ
ಮೊದಲ ಹಿಮ ಬಿದ್ದ ಮಾರನೇ ದಿನ
ರಸೀದಿಯ ಬೆನ್ನಿಗೆ ಗೀಚಿ ಗೀಚಿ
ಕೊನೆಗೆ ಕೈಯಿಡುವುದು ಇವುಗಳ ಮೇಲೆಯೇ.

ಮೊದಲು ಉಗುರಿನಿಂದ ಒತ್ತಿ ನೋಡುತ್ತೇನೆ.
ಅಳೆಯಲು ಯಂತ್ರವಿದೆ, ಮುಳ್ಳು ಐವತ್ತೆರಡು ಅನ್ನುತ್ತದೆ.
ಆದರೂ ಉಗುರು.
ಮೈನಸ್ ಹದಿನಾಲ್ಕರಲ್ಲೂ ರಬ್ಬರು ಕಲ್ಲಾಗಬಾರದು,
ಎರಡು ದಿನದ ರೈ ರೊಟ್ಟಿಯಷ್ಟಾದರೂ ಮಾತು ಕೇಳಬೇಕು.

ಐವತ್ತರಲ್ಲಿ ಬಂದು, ಕೆಂಪು ಕಡ್ಡಿ ನೆಟ್ಟಲ್ಲಿ
ಬ್ರೇಕು. ಒತ್ತುವುದಲ್ಲ, ಒದೆಯುವುದು.
ಗಡಗಡ ಗಡಗಡ
ಪೆಡಲಿನೊಳಗಿಂದ ಯಾರೋ ಬಾಗಿಲು ಬಡಿಯುತ್ತಾರೆ.
ಮೂವತ್ತೊಂಬತ್ತು ಮೀಟರು.
ಹಿಂದಕ್ಕೆ. ಮತ್ತೆ. ನಲವತ್ತು ಚಿಲ್ಲರೆ.
ಮತ್ತೆ.

ಚಿನ್ನಕ್ಕೆ ಒರೆಗಲ್ಲು, ಇದಕ್ಕೆ ಮಂಜುಗಡ್ಡೆ.
ಆದರೆ ನಮ್ಮ ಒರೆಗಲ್ಲೇ ಸವೆಯುತ್ತದೆ,
ತಿಕ್ಕಿದಷ್ಟೂ ನುಣುಪು.
ಮಧ್ಯಾಹ್ನ ಮೋಡ ಕವಿದು ಚಳಿ ಎರಡು ಡಿಗ್ರಿ ಸಡಿಲಿದರೆ ಸಾಕು,
ಬೆಳಿಗ್ಗೆ ಆಡಿದ ಮಾತನ್ನೇ ನುಂಗಿಬಿಡುತ್ತದೆ.
ಅದಕ್ಕೇ ಮೂರು ಸೆಟ್ಟಿಗೊಮ್ಮೆ ಸಾಕ್ಷಿಯ ಟೈರು:
ಅದು ನಿಲ್ಲುವ ಜಾಗ ಬದಲಾದರೆ
ಬದಲಾದದ್ದು ಕೆರೆ.
ಅಂಥ ಜಾಣ ಟೈರೇನಲ್ಲ. ನಿನ್ನೆಯ ಹಾಗೇ ಇರುವುದು,
ಅಷ್ಟೇ ಅದರ ಕೆಲಸ.
ಆರ್ವೊ ಅದನ್ನು ‘ಅತ್ತೆ’ ಎನ್ನುತ್ತಾನೆ.
ಅತ್ತೆಯನ್ನು ಕೇಳದೆ ನಾವು ಒಂದು ಅಂಕವನ್ನೂ ಬರೆಯುವುದಿಲ್ಲ.

ಏಳರ ಗುಣ ಹೇಳುವುದಾದರೆ,
ಮಂಜುಗಡ್ಡೆಯಲ್ಲಿ ಬಂಗಾರ.
ತಿರುವಿನಲ್ಲಿ ಕೈಬಿಡುವ ಮೊದಲು ಮೆಲ್ಲಗೆ ಕೆಮ್ಮುತ್ತದೆ,
ನಾಲ್ಕರಂತೆ ಹೇಳದೆ ಕೇಳದೆ ಬಾಲ ಬೀಸುವುದಿಲ್ಲ.
ಆದರೆ ಅಕ್ಟೋಬರಿನಲ್ಲಿ, ದಕ್ಷಿಣದ ಒದ್ದೆ ಡಾಂಬರಿನ ಮೇಲೆ
ಇದೇ ಏಳು ಎಂಟು ಮೀಟರು ಜಾಸ್ತಿ ಜಾರಿತ್ತು.
ಈ ಬೆಲೆಗೆ ಎರಡೂ ಸಿಗುವುದಿಲ್ಲ.
ಏನನ್ನು ಬಿಟ್ಟುಕೊಡುತ್ತೀ ಎಂದು ಕೇಳುವ ಬೆಲೆ ಇದು.

ಸಂಜೆ ಸಹಕಾರಿ ಅಂಗಡಿಯಲ್ಲಿ ಹಿಲ್ಕ ಅಡ್ಡ ಹಾಕಿದಳು.
‘ಯಾವುದು ತಗೊಳ್ಳಲಿ? ಒಂದೇ ಮಾತಲ್ಲಿ ಹೇಳು.’
ನನ್ನ ಬಳಿ ಹದಿನಾಲ್ಕು ಅಂಕಣಗಳಿವೆ, ಒಂದು ಮಾತಿಲ್ಲ.
‘ಎಷ್ಟು ಹೊತ್ತಿಗೆ ಹೊರಡುತ್ತೀ?’
‘ನಾಲ್ಕೂವರೆ. ಆಸ್ಪತ್ರೆಯ ಅಡುಗೆಮನೆಗೆ.’
‘ಹಿಮ ತೆಗೆಯುವ ಲಾರಿ?’
‘ಆರಕ್ಕೆ. ಅಷ್ಟರಲ್ಲಿ ಗಂಜಿ ಕುದಿಯುತ್ತಿರುತ್ತೆ.’
‘ಹಿಮಸಾರಂಗ?’
‘ಸೇತುವೆ ಹತ್ತಿರ, ದಿನಾ. ರಸ್ತೆಯುದ್ದಕ್ಕೂ ಮುಂದೆ ಮುಂದೆ ನಡೀತವೆ,
ನಾನೇ ಹಿಂದೆ ಮೇಯಿಸಿಕೊಂಡು ಬಂದ ಹಾಗೆ.’

ಹಾಗಾದರೆ ಏಳು, ಅಂದೆ. ಐವತ್ತು ಯೂರೊ ಹೆಚ್ಚು.
ಎರಡಕ್ಕಿಂತ ಮೂರು ಮೀಟರು ಮುಂಚೆ ನಿಲ್ಲುತ್ತದೆ.
‘ಮೂರಾ? ಅಷ್ಟಕ್ಕೆ ಐವತ್ತಾ?’
ರೊಟ್ಟಿಯ ಕಪಾಟಿನಿಂದ ಗಲ್ಲಾದವರೆಗೆ
ಹೆಜ್ಜೆ ಹಾಕಿ ತೋರಿಸಿದೆ: ಇಷ್ಟು.
‘ದೊಡ್ಡ ಸಾರಂಗ, ಬಾಲದಿಂದ ಮೂತಿಗೆ, ಎರಡು ಮೀಟರು.’
ಹಿಲ್ಕ ಆ ಖಾಲಿ ನೆಲವನ್ನು ನೋಡುತ್ತ ನಿಂತಳು,
ಕೈಯಲ್ಲಿ ಹಾಲಿನ ಪೊಟ್ಟಣ.
‘ಜೊತೆಗೆ ಮರಿ ಇರುತ್ತಲ್ಲ,’ ಅಂದಳು.

ನನ್ನ ಕಾರಿನವು?
ಆರನೇ ಚಳಿಗಾಲ. ಉಗುರು ಒತ್ತಿ ನೋಡಿಲ್ಲ.
ಸೇತುವೆ ಬಂದಾಗ ಸುಮ್ಮನೆ ಮೂವತ್ತಕ್ಕೆ ಇಳಿಸುತ್ತೇನೆ.
ಅದಕ್ಕೆ ವರದಿಯಲ್ಲಿ ಅಂಕಣವಿಲ್ಲ.